ಒಂದೇ ಗಿಡ, ಎರಡು ಡಬ್ಬಿ: ಪುಡಿಯಲ್ಲಿ ಇರುವುದೇ ಸಾರದಲ್ಲೂ ಇದೆಯಾ?

ಚಿಗುರೆಲೆ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಈಗ ನೆಲಬೇವಿನ ಎರಡು ಡಬ್ಬಿ ಇವೆ. ಒಂದರ ಮೇಲೆ ‘ಪುಡಿ, 500 ಮಿ.ಗ್ರಾಂ’ ಅಂತಿದೆ. ಇನ್ನೊಂದರ ಮೇಲೆ ‘ಸಾರ, 500 ಮಿ.ಗ್ರಾಂ’. ಗಿಡ ಒಂದೇ, ತೂಕವೂ ಒಂದೇ. ಹಾಗಾದರೆ ಕೆಲಸವೂ ಒಂದೇನಾ? ಒಬ್ಬರನ್ನು ಕೇಳಿದರೆ ಎರಡೂ ಒಂದೇ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಅಂದರು. ಇನ್ನೊಬ್ಬರು ಸಾರ ಅಂದರೆ ಹತ್ತು ಪಟ್ಟು ಜೋರು ಅಂದರು. ಎಲೆಯನ್ನು ನೀರಲ್ಲಿ ಕುದಿಸಿದರೆ ಬರುವುದಕ್ಕೂ ಆಲ್ಕೋಹಾಲ್‌ನಲ್ಲಿ ನೆನೆಸಿದರೆ ಬರುವುದಕ್ಕೂ ಏನಾದರೂ ವ್ಯತ್ಯಾಸ ಇದೆಯಾ? ನಾನು ವಿಜ್ಞಾನ ಓದಿದವಳಲ್ಲ, ಅರ್ಥವಾಗುವ ಹಾಗೆ ಹೇಳಿ.

ಬೇರುಮೂಲ:
ಒಂದೇ ಅಲ್ಲ ಮೇಡಂ. ಹತ್ತು ಪಟ್ಟು ಅನ್ನುವುದನ್ನೂ ಹಾಗೇ ಒಪ್ಪಿಕೊಳ್ಳಲು ಆಗುವುದಿಲ್ಲ. ನಾನು ಫಾರ್ಮಸಿ ಕಾಲೇಜಿನಲ್ಲಿ ಇದನ್ನೇ ಪಾಠ ಮಾಡುವವನು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಒಂದು ಎಲೆಯೊಳಗೆ ನೂರಾರು ಬಗೆಯ ರಾಸಾಯನಿಕಗಳಿವೆ. ದ್ರಾವಕ, ಅಂದರೆ ನೀರು, ಆಲ್ಕೋಹಾಲ್ ಥರದ ಕರಗಿಸುವ ದ್ರವ, ತನಗೆ ಒಗ್ಗುವುದನ್ನು ಮಾತ್ರ ಎಳೆದುಕೊಂಡು ಬರುತ್ತದೆ, ಉಳಿದದ್ದನ್ನು ಚರಟದಲ್ಲೇ ಬಿಡುತ್ತದೆ. ನೀರಿಗೆ ಸಕ್ಕರೆ, ಲೋಳೆ, ಟ್ಯಾನಿನ್, ಸಪೋನಿನ್, ಎಷ್ಟೋ ಗ್ಲೈಕೋಸೈಡ್‌ಗಳು ಬರುತ್ತವೆ. ಹೆಕ್ಸೇನ್ ಅನ್ನುವ, ನೀರಿಗೆ ಸೇರದ ದ್ರಾವಕ ಹಾಕಿದರೆ ಎಣ್ಣೆ, ಮೇಣ ಇಂಥವು. ನೀರು ಬೆರೆಸಿದ ಆಲ್ಕೋಹಾಲ್ ಇವೆರಡರ ನಡುವೆ ನಿಲ್ಲುತ್ತದೆ. 60ರಿಂದ 70 ಭಾಗ ಆಲ್ಕೋಹಾಲ್ ಇದ್ದರೆ ಎರಡೂ ಕಡೆಯವು ಸಾಕಷ್ಟು ಸಿಗುತ್ತವೆ. ಟಿಂಕ್ಚರ್ (ಆಲ್ಕೋಹಾಲ್ ಬಳಸಿ ತೆಗೆದ ದ್ರವ ಸಾರ) ಮಾಡುವವರು ಅದನ್ನೇ ಜಾಸ್ತಿ ಬಳಸುವುದು ಅದಕ್ಕೇ.

ಆಲ್ಕಲಾಯ್ಡ್‌ಗಳದ್ದು ಇನ್ನೊಂದು ಥರ. ಇವು ಸಾರಜನಕ ಇರುವ, ಕ್ಷಾರದ ಗುಣದ ಸಂಯುಕ್ತಗಳು. ಗಿಡದೊಳಗೆ ಅವು ಸಾಮಾನ್ಯವಾಗಿ ಯಾವುದಾದರೂ ಆಮ್ಲದ ಜೊತೆ ಲವಣವಾಗಿ ಇರುತ್ತವೆ, ಆಗ ನೀರಿಗೆ ಬರುತ್ತವೆ. ಆ ನೀರಿಗೆ ಕ್ಷಾರ ಹಾಕಿದರೆ ಲವಣ ಮುರಿಯುತ್ತದೆ. ಆಲ್ಕಲಾಯ್ಡ್ ನೀರನ್ನು ಬಿಟ್ಟು ಕ್ಲೋರೋಫಾರ್ಮ್‌ನಂಥ ದ್ರಾವಕಕ್ಕೆ ಜಿಗಿಯುತ್ತದೆ. 1820ರಲ್ಲಿ ಪೆಲ್ಟಿಯೇ ಮತ್ತು ಕಾವೆಂತೂ ಸಿಂಕೋನಾ ತೊಗಟೆಯಿಂದ ಮಲೇರಿಯಾದ ಮದ್ದು ಕ್ವಿನೈನ್ ಬೇರ್ಪಡಿಸಿದಾಗಿನಿಂದ ಇವತ್ತಿನವರೆಗೂ ಆಲ್ಕಲಾಯ್ಡ್ ಕೆಲಸ ಮಾಡುವವರಿಗೆ ಆಮ್ಲ ಕ್ಷಾರದ ಈ ಗುಣವೇ ಆಧಾರ.

ಈಗ ನಿಮ್ಮ ನೆಲಬೇವು. ಅದರ ಮುಖ್ಯ ಸಂಯುಕ್ತ ಆಂಡ್ರೋಗ್ರಾಫೋಲೈಡ್. ಅದು ಡೈಟರ್ಪೀನ್ ಲ್ಯಾಕ್ಟೋನ್ ಜಾತಿಯದ್ದು. ಎಲೆಯಲ್ಲಿ ಜಾಸ್ತಿ, ಕಾಂಡದಲ್ಲಿ ಕಡಿಮೆ. ಆಲ್ಕೋಹಾಲ್‌ಗೆ ಚೆನ್ನಾಗಿ ಬರುತ್ತದೆ, ನೀರಿಗೆ ಅಷ್ಟಾಗಿ ಬರುವುದಿಲ್ಲ. ಆದರೂ ಕುದಿಸಿದ ನೀರು ವಿಪರೀತ ಕಹಿ ಇರುತ್ತದಲ್ಲ, ಅದು ಹೇಗೆ ಅಂತ ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ. ಇಷ್ಟೇ ಇಷ್ಟು ಕರಗಿದರೂ ನಾಲಿಗೆಗೆ ಗೊತ್ತಾಗುವಷ್ಟು ಕಹಿ ಅದು. ಕಹಿ ನೋಡಿ ಪ್ರಮಾಣ ಅಳೆಯಲು ಆಗುವುದಿಲ್ಲ.

ಚಿಗುರೆಲೆ:
ಅಂದರೆ ಕುದಿಸಿದಷ್ಟೂ ಸತ್ವ ಬಿಡುತ್ತದೆ ಅನ್ನುವುದು ಪೂರ್ತಿ ನಿಜ ಅಲ್ಲ ಅಲ್ವಾ ಸರ್?

ಬೇರುಮೂಲ:
ಕೆಲವು ಗಿಡಕ್ಕೆ ನಿಜ. ಗಟ್ಟಿ ತೊಗಟೆ, ಬೇರು ಇವನ್ನು ಚೆನ್ನಾಗಿ ಕುದಿಸದಿದ್ದರೆ ಒಳಗಿನದು ಹೊರಗೇ ಬರುವುದಿಲ್ಲ. ತುಳಸಿಯಂಥ ಸುವಾಸನೆಯ ಎಲೆ ಆದರೆ ತೆರೆದ ಪಾತ್ರೆಯಲ್ಲಿ ಕುದಿಸಿದಷ್ಟೂ ಯೂಜಿನಾಲ್ ತರಹದ ಎಣ್ಣೆ ಆವಿಯ ಜೊತೆ ಹೋಗುತ್ತದೆ. ಕೋಣೆಯೆಲ್ಲ ಘಮಘಮ ಅಂತಿದ್ದರೆ ಅದು ಪಾತ್ರೆಯಿಂದ ಹೋದದ್ದು ಅಂತ ಲೆಕ್ಕ.

ಇನ್ನು ಕೆಲವಕ್ಕೆ ಶಾಖವೇ ಶತ್ರು. ಇದಕ್ಕೆ ಆರ್ಟಿಮಿಸಿನಿನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಮಲೇರಿಯಾಕ್ಕೆ ಹೊಸ ಔಷಧ ಹುಡುಕಲು ಚೀನಾದಲ್ಲಿ 1967ರ ಮೇ 23ರಂದು ಒಂದು ಗುಟ್ಟಿನ ಯೋಜನೆ ಶುರುವಾಯಿತು. ತಾರೀಖಿನಿಂದಲೇ ಅದಕ್ಕೆ 523 ಅಂತ ಹೆಸರು. ಟು ಯೂಯೂ ಅವರ ತಂಡ ಹಳೆಯ ಗ್ರಂಥಗಳಿಂದ ಎರಡು ಸಾವಿರದಷ್ಟು ಮದ್ದುಗಳನ್ನು ಕಲೆಹಾಕಿತು. ಅದರಲ್ಲಿ ಆರ್ಟಿಮಿಸಿಯಾ ಆನುವಾ ಅನ್ನುವ ಗಿಡವೂ ಇತ್ತು. ಅದರ ಸಾರ ಒಮ್ಮೆ ಕೆಲಸ ಮಾಡಿದರೆ ಇನ್ನೊಮ್ಮೆ ಮಾಡುತ್ತಿರಲಿಲ್ಲ. ಟು ಅವರು ನಾಲ್ಕನೇ ಶತಮಾನದ ಗೆ ಹಾಂಗ್ ಬರೆದದ್ದನ್ನು ಮತ್ತೆ ತೆರೆದು ನೋಡಿದರು. ಗಿಡವನ್ನು ನೀರಲ್ಲಿ ನೆನೆಸಿ, ಹಿಂಡಿ, ಆ ರಸ ಕುಡಿಯಬೇಕು ಅಂತ ಅಲ್ಲಿತ್ತು. ಕುದಿಸುವ ಮಾತೇ ಇರಲಿಲ್ಲ! ಬಿಸಿಯೇ ಕೆಡಿಸುತ್ತಿರಬಹುದು ಅಂತ ಅವರಿಗೆ ಹೊಳೆಯಿತು. 35 ಡಿಗ್ರಿಯ ಹತ್ತಿರವೇ ಕುದಿಯುವ ಈಥರ್ ಹಿಡಿದರು. ವಿಷಕಾರಿಯಾಗಿದ್ದ ಆಮ್ಲೀಯ ಭಾಗವನ್ನು ಬೇರೆ ಮಾಡಿದರು. 1971ರ ಅಕ್ಟೋಬರ್‌ನಲ್ಲಿ 191ನೇ ನಂಬರಿನ ಮಾದರಿ ಇಲಿಗಳಲ್ಲಿ ಮಲೇರಿಯಾ ಪರಾವಲಂಬಿಯನ್ನು ಪೂರ್ತಿ ಅಳಿಸಿಹಾಕಿತು. 2015ರಲ್ಲಿ ಅವರಿಗೆ ನೊಬೆಲ್ ಬಂತು.

ಆ ಗಿಡದ ಸಾರದಿಂದ ಬೇರ್ಪಡಿಸಿದ ಆರ್ಟಿಮಿಸಿನಿನ್ ಅಣುವಿನಲ್ಲಿ ಎರಡು ಆಮ್ಲಜನಕ ಪರಮಾಣು ಅಕ್ಕಪಕ್ಕ ಕೂತ ಪೆರಾಕ್ಸೈಡ್ ಸೇತುವೆ ಇದೆ. ಪರಾವಲಂಬಿ ನಮ್ಮ ರಕ್ತದ ಹಿಮೋಗ್ಲೋಬಿನ್ ತಿಂದು ಅರಗಿಸುವಾಗ ಕಬ್ಬಿಣ ಇರುವ ಹೀಮ್ ಹೊರಬರುತ್ತದೆ. ಆ ಕಬ್ಬಿಣ ತಗುಲಿದರೆ ಸೇತುವೆ ಮುರಿಯುತ್ತದೆ. ಆಗ ಹುಟ್ಟುವ, ಬೇರೆ ಅಣುಗಳ ಮೇಲೆ ಬೀಳುವ ಚುರುಕಿನ ತುಣುಕುಗಳಾದ ರಾಡಿಕಲ್‌ಗಳು ಪರಾವಲಂಬಿಯ ಪ್ರೋಟೀನುಗಳನ್ನು ಹಾಳು ಮಾಡುತ್ತವೆ. ಸೇತುವೆ ಇಲ್ಲದ ಅಣು ಕೆಲಸ ಮಾಡುವುದೇ ಇಲ್ಲ. ಗಿಡ ಅದೇ ಇದ್ದರೂ ತೆಗೆಯುವ ದಾರಿ ತಪ್ಪಿದರೆ ಔಷಧವೇ ಇಲ್ಲ.

ಎಂಎಸ್ಸಿ_ಎರಡನೇ_ವರ್ಷ:
ಬಹಳ ಚೆನ್ನಾಗಿ ಹೇಳಿದಿರಿ ಸರ್. ನನ್ನದೂ ಒಂದು ಪ್ರಶ್ನೆ. ಒಂದೆಲಗದ ಮೆಥನಾಲ್ (ಒಂದು ಬಗೆಯ ಆಲ್ಕೋಹಾಲ್) ಸಾರದ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಉತ್ಕರ್ಷಣ ನಿರೋಧಕ ಗುಣ ನೋಡುವ ಡಿಪಿಪಿಎಚ್ ಪರೀಕ್ಷೆಯಲ್ಲಿ ನೇರಳೆ ಬಣ್ಣ ಹೋಗಿ ಚೆನ್ನಾಗಿ ಹಳದಿ ಆಯಿತು. ಬ್ಯಾಕ್ಟೀರಿಯಾ ಪ್ಲೇಟಿನಲ್ಲೂ ಸಾರ ಹಾಕಿದ ಬಾವಿಯ (ಸಣ್ಣ ಗುಳಿಯ) ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವಲಯ ಬಂತು. ‘ಪ್ರಬಲ ಉತ್ಕರ್ಷಣ ನಿರೋಧಕ, ಸೋಂಕು ವಾಸಿ ಮಾಡುವ ಶಕ್ತಿ ಇದೆ’ ಅಂತ ಬರೆಯಬಹುದಾ?

ಪರೀಕ್ಷಾನಳಿಕೆ:
ಬರೆಯಬೇಡಿ ತಮ್ಮಾ. ನಾನು ಗಿಡಮೂಲಿಕೆ ಕಚ್ಚಾಮಾಲು ಪರೀಕ್ಷಿಸುವ ಲ್ಯಾಬಿನಲ್ಲಿದ್ದೇನೆ. ಡಿಪಿಪಿಎಚ್ ಅನ್ನುವುದು ದೇಹದಲ್ಲಿ ಎಲ್ಲೂ ಇಲ್ಲದ ಒಂದು ರಾಡಿಕಲ್. ಅದನ್ನು ಮೆಥನಾಲ್‌ನಲ್ಲಿ ಕರಗಿಸಿ, ನಿಮ್ಮ ಸಾರ ಅದಕ್ಕೆ ಹೈಡ್ರೋಜನ್ ಇಲ್ಲವೇ ಎಲೆಕ್ಟ್ರಾನ್ ಕೊಡುತ್ತದಾ ಅಂತ ನೋಡುತ್ತೀರಿ. ಫೀನಾಲ್ ಇರುವ ಯಾವ ಎಲೆ ಹಾಕಿದರೂ ಬಣ್ಣ ಹೋಗುತ್ತದೆ. ಕೊಳವೆಯಲ್ಲಿ ಏನಾಯಿತು ಅಂತ ಮಾತ್ರ ಅದು ಹೇಳುತ್ತದೆ. ಹೊಟ್ಟೆಗೆ ಹೋದದ್ದು ಕರುಳಿನಿಂದ ರಕ್ತಕ್ಕೆ ಹೋಗಿದೆಯಾ, ಯಕೃತ್ತು ಅದನ್ನು ಬದಲಾಯಿಸದೆ ಬಿಟ್ಟಿದೆಯಾ, ಇದೆಲ್ಲ ಆಮೇಲಿನ ಪ್ರಶ್ನೆ.

ಪ್ಲೇಟಿನ ವಲಯವೂ ಹಾಗೆಯೇ. ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಲೋಳೆ ಪದರವೇ ಅಗಾರ್. ಅಗಾರ್‌ನಲ್ಲಿ ಚೆನ್ನಾಗಿ ಹರಡುವ ವಸ್ತುವಿಗೆ ದೊಡ್ಡ ವಲಯ ಬರುತ್ತದೆ. ಹರಡದಿದ್ದರೆ ಎಷ್ಟೇ ಶಕ್ತಿ ಇದ್ದರೂ ಚಿಕ್ಕದು. ಎಂಐಸಿ ಮಾಡಿ. ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ಅತಿ ಕಡಿಮೆ ಪ್ರಮಾಣ ಎಷ್ಟು ಅಂತ ಅದರಲ್ಲಿ ಗೊತ್ತಾಗುತ್ತದೆ. ಜೊತೆಗೆ ಬರೀ ಮೆಥನಾಲ್ ಹಾಕಿದ ಬಾವಿಯನ್ನೂ ಇಟ್ಟಿದ್ದಿರಾ? ಅದಿಲ್ಲದಿದ್ದರೆ ಕೊಂದದ್ದು ಗಿಡವೋ ದ್ರಾವಕವೋ ಯಾರಿಗೆ ಗೊತ್ತು?

ಎಂಎಸ್ಸಿ_ಎರಡನೇ_ವರ್ಷ:
ಇಟ್ಟಿದ್ದೇನೆ ಸರ್, ಅದರಲ್ಲಿ ವಲಯ ಬಂದಿಲ್ಲ. ಎಂಐಸಿ ಮಾಡಬೇಕು.

ಪರೀಕ್ಷಾನಳಿಕೆ:
ಒಳ್ಳೆಯದು. ಒಂದೆಲಗದ ಮುಖ್ಯ ಸಂಯುಕ್ತ ಏಷಿಯಾಟಿಕೋಸೈಡ್ ಎಷ್ಟಿದೆ ಅಂತ, ಸಂಯುಕ್ತಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರವಾದ ಎಚ್‌ಪಿಎಲ್‌ಸಿಯಲ್ಲಿ ಅಳೆಸಿ. ಅದರ ಅಂಕಿ ಇಲ್ಲದ ಒಂದೆಲಗದ ಪ್ರಬಂಧವನ್ನು ಇನ್ನೊಬ್ಬರು ಮರುಪರೀಕ್ಷೆ ಮಾಡಲು ಸಾಧ್ಯವಿಲ್ಲ.

ಮೂಲಿಕೆವೈದ್ಯ:
ನಾನು ಆಯುರ್ವೇದ ವೈದ್ಯ. ಮೇಲಿನ ಮಾತುಗಳನ್ನು ಬಹಳ ಮಟ್ಟಿಗೆ ಒಪ್ಪುತ್ತೇನೆ. ಆದರೆ ಚರ್ಚೆ ಒಂದೇ ಕಡೆ ವಾಲುತ್ತಿದೆ ಅನ್ನಿಸಿತು. ಒಂದು ಗಿಡದಿಂದ ಒಂದು ಅಣು ಹೆಕ್ಕಿ ತೆಗೆದು ಇದೇ ಔಷಧ, ಉಳಿದದ್ದು ಕಸ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಇಡೀ ಗಿಡದಲ್ಲಿ ಒಂದಕ್ಕೊಂದು ಆಸರೆಯಾಗಿ ಕೆಲಸ ಮಾಡುವ ಸಂಯುಕ್ತಗಳಿವೆ. ಹಳಬರು ಇಡೀ ಮೂಲಿಕೆ ಬಳಸಿದ್ದು ಅಣು ಬೇರ್ಪಡಿಸಲು ಬರುತ್ತಿರಲಿಲ್ಲ ಅನ್ನುವ ಕಾರಣಕ್ಕೆ ಮಾತ್ರ ಅಲ್ಲ.

ಬೇರುಮೂಲ:
ವೈದ್ಯರೇ, ನಿಮ್ಮ ಮಾತಿಗೆ ಗಟ್ಟಿ ಸಾಕ್ಷಿಯೇ ಇದೆ. ಮರದರಿಶಿನ, ದಾರುಹರಿದ್ರ ಇವುಗಳಲ್ಲಿ ಹಳದಿ ಬಣ್ಣದ ಬರ್ಬೆರಿನ್ ಇದೆ. ಅದು ಬ್ಯಾಕ್ಟೀರಿಯಾವನ್ನು ಕೊಲ್ಲಬಲ್ಲದು. ಆದರೆ ಸ್ಟಾಫಿಲೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ತನ್ನೊಳಗೆ ಬಂದ ಬರ್ಬೆರಿನ್ ಅನ್ನು ನಾರ್‌ಎ ಅನ್ನುವ ಪಂಪಿನಿಂದ ಹೊರಗೆ ದಬ್ಬುತ್ತದೆ. ದಾರುಹರಿದ್ರದ ಕುಲದ್ದೇ ಒಂದು ಗಿಡ ಬೆರ್ಬೆರಿಸ್ ಫ್ರಿಮೊಂಟಿಯೈ. ಅದರಲ್ಲಿ ಮೆಥಾಕ್ಸಿಹಿಡ್ನೋಕಾರ್ಪಿನ್ ಅನ್ನುವ ಇನ್ನೊಂದು ಸಂಯುಕ್ತ ಸಿಕ್ಕಿತು. ಅದು ಆ ಪಂಪನ್ನು ಕಟ್ಟಿಹಾಕುತ್ತದೆ. ಅದೊಂದನ್ನೇ ಹಾಕಿದರೆ ಬ್ಯಾಕ್ಟೀರಿಯಾ ಆರಾಮಾಗಿ ಬೆಳೆಯುತ್ತದೆ. ಎರಡೂ ಸೇರಿದರೆ ಕಡಿಮೆ ಬರ್ಬೆರಿನ್‌ಗೇ ಸಾಯುತ್ತದೆ. ಇದು 2000ದಲ್ಲಿ ಪ್ರಕಟವಾದ ಕೆಲಸ. ಬರ್ಬೆರಿನ್ ಮಾತ್ರ ಹೆಕ್ಕಿ ತೆಗೆದಿದ್ದರೆ ಈ ಜೊತೆಗಾರ ಚರಟದಲ್ಲೇ ಉಳಿಯುತ್ತಿತ್ತು.

ಆದರೆ ಉಲ್ಟಾ ಕೂಡ ಆಗುತ್ತದೆ. ಟ್ಯಾನಿನ್ ಜಾಸ್ತಿ ಇರುವ ಕಷಾಯದಲ್ಲಿ ಅದು ಆಲ್ಕಲಾಯ್ಡ್‌ಗಳನ್ನು ಹಿಡಿದು ಗಷ್ಟಾಗಿ ತಳಕ್ಕೆ ಇಳಿಸುತ್ತದೆ. ಕಬ್ಬಿಣವನ್ನೂ ಕಟ್ಟಿಕೊಳ್ಳುತ್ತದೆ, ಕರುಳಿಗೆ ಸಿಗಲು ಬಿಡುವುದಿಲ್ಲ. ಇಡೀ ಗಿಡ ಯಾವಾಗಲೂ ಮೇಲು ಅಂತ ನಾನು ಹೇಳಲಾರೆ. ಪ್ರತಿ ಗಿಡಕ್ಕೂ ಪರೀಕ್ಷಿಸಿಯೇ ನೋಡಬೇಕು.

ಮೂಲಿಕೆವೈದ್ಯ:
ಒಪ್ಪಿದೆ. ಇನ್ನೊಂದು ಸೇರಿಸುತ್ತೇನೆ. ಮಧುನಾಶಿನಿಯ ಒಂದು ಹಸಿ ಎಲೆ ಬಾಯಲ್ಲಿ ಚೆನ್ನಾಗಿ ಅಗಿದು, ನಾಲಿಗೆ ಪೂರ್ತಿ ಸವರಿಕೊಂಡು, ಉಗಿದು, ಬಾಯಿ ತೊಳೆದು, ಸ್ವಲ್ಪ ಸಕ್ಕರೆ ಹಾಕಿಕೊಳ್ಳಿ. ಮರಳು ಹಾಕಿಕೊಂಡ ಹಾಗೆ ಇರುತ್ತದೆ. ಹರಳು ಹಲ್ಲಿಗೆ ಕಿರುಗುಟ್ಟುತ್ತದೆ, ಕರಗುತ್ತದೆ, ಸಿಹಿ ಮಾತ್ರ ಇಲ್ಲ. ಉಪ್ಪು, ಹುಳಿ ಎಲ್ಲ ಮಾಮೂಲಿಯಾಗೇ ಗೊತ್ತಾಗುತ್ತವೆ. ಜಿಮ್ನೆಮಿಕ್ ಆಮ್ಲಗಳು ನಾಲಿಗೆಯ ಸಿಹಿ ಗ್ರಾಹಕಕ್ಕೆ ಹೋಗಿ ಕೂರುವುದೇ ಇದಕ್ಕೆ ಕಾರಣ. ಸ್ವಲ್ಪ ಹೊತ್ತಿನಲ್ಲಿ ತಾನಾಗೇ ಸರಿಹೋಗುತ್ತದೆ.

ಇದನ್ನು ತೋರಿಸಿ ‘ನೋಡಿ, ಸಕ್ಕರೆಯನ್ನೇ ಕೊಲ್ಲುತ್ತದೆ, ಮಧುಮೇಹದ ಮಾತ್ರೆ ಬಿಟ್ಟುಬಿಡಿ’ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಾಲಿಗೆಗೆ ಸಿಹಿ ಗೊತ್ತಾಗದಿದ್ದರೂ ಸಕ್ಕರೆ ಸಕ್ಕರೆಯೇ. ಹೊಟ್ಟೆಗೆ ಹೋಗಿ ರಕ್ತ ಸೇರುತ್ತದೆ. ರಕ್ತದ ಸಕ್ಕರೆ ಮೇಲೆ ಈ ಗಿಡಕ್ಕೆ ಪರಿಣಾಮ ಇದೆಯಾ ಅನ್ನುವುದು ಬೇರೆಯೇ ಪ್ರಶ್ನೆ. ಅದಕ್ಕೆ ರಕ್ತ ಪರೀಕ್ಷೆಯಿಂದಲೇ ಉತ್ತರ ಸಿಗಬೇಕು.

ಚಿಗುರೆಲೆ:
ಅರಿಶಿನದ್ದೂ ಇದೇ ಥರ ಕೇಳಿದ್ದೇನೆ. ಅದರಲ್ಲಿರುವ ಕರ್ಕ್ಯುಮಿನ್ ಕ್ಯಾನ್ಸರ್ ಕೋಶ ಕೊಲ್ಲುತ್ತದೆ, ಅದು ಇದು ಅಂತ.

ಪರೀಕ್ಷಾನಳಿಕೆ:
ತಟ್ಟೆಯಲ್ಲಿ ಬೆಳೆಸಿದ ಕೋಶದ ಮೇಲೆ ಕರ್ಕ್ಯುಮಿನ್ ಏನೇನೋ ಮಾಡಿ ತೋರಿಸುತ್ತದೆ. ಆದರೆ ಅದು ನೀರಲ್ಲಿ ಕರಗುವುದಿಲ್ಲ. ಕ್ಷಾರದ ಕಡೆ ಸ್ವಲ್ಪ ವಾಲಿದರೂ ಬೇಗ ಒಡೆದು ಹೋಗುತ್ತದೆ. ಕರುಳಿನಿಂದ ಒಳಗೆ ಹೋದ ಅಷ್ಟಿಷ್ಟನ್ನೂ ಕರುಳು, ಯಕೃತ್ತು ಸೇರಿ ಗ್ಲುಕುರೋನಿಕ್ ಆಮ್ಲ ಅಂಟಿಸಿ ಹೊರಗೆ ಕಳಿಸುತ್ತವೆ. ಇನ್ನೊಂದು ತೊಂದರೆ, ಅದು ಎಷ್ಟೋ ಪರೀಕ್ಷೆಗಳಲ್ಲಿ ತನ್ನ ಬಣ್ಣದಿಂದ, ಹೊಳಪಿನಿಂದ, ಸಿಕ್ಕ ಪ್ರೋಟೀನಿಗೆಲ್ಲ ಅಂಟುವ ಗುಣದಿಂದ ಸುಳ್ಳು ಫಲಿತಾಂಶ ಕೊಡುತ್ತದೆ. 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರು ಇದನ್ನೆಲ್ಲ ಒಟ್ಟಿಗೆ ಇಟ್ಟು ಒಂದು ದೊಡ್ಡ ವಿಮರ್ಶೆ ಬರೆದರು. ಈ ಕ್ಷೇತ್ರಕ್ಕೆ ಬರುವ ಹುಡುಗರಿಗೆಲ್ಲ ಮೊದಲು ಅದನ್ನು ಓದಿ ಅನ್ನುತ್ತೇನೆ.

ರಾತ್ರಿಪಾಳಿ:
ನಾನು ಆಸ್ಪತ್ರೆಯ ಫಾರ್ಮಸಿಯಲ್ಲಿರುವವಳು. ಕರ್ಕ್ಯುಮಿನ್ ಜೊತೆ ಮೆಣಸಿನ ಪೈಪರಿನ್ ಸೇರಿಸಿದ ಮಾತ್ರೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. 1998ರ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿ.ಗ್ರಾಂ ಪೈಪರಿನ್ ಕೊಟ್ಟಾಗ ರಕ್ತಕ್ಕೆ ಸೇರುವುದು ಸುಮಾರು 20 ಪಟ್ಟು ಹೆಚ್ಚಿತು. ಎಲ್ಲರೂ ಇದನ್ನು ಖುಷಿಯಿಂದ ಹೇಳುತ್ತಾರೆ. ಯಾಕೆ ಹೆಚ್ಚಿತು ಅಂತ ಹೇಳುವುದಿಲ್ಲ. ದೇಹ ಬೇಡದ್ದನ್ನು ಹೊರಗೆ ಹಾಕುವ ದಾರಿಯನ್ನೇ ಪೈಪರಿನ್ ತಡೆಯುತ್ತದೆ. ಆ ದಾರಿ ಕರ್ಕ್ಯುಮಿನ್ ಒಂದಕ್ಕೇ ಮೀಸಲಲ್ಲ. ಮೂರ್ಛೆ ರೋಗದ ಫೆನಿಟಾಯಿನ್, ಬಿಪಿಯ ಪ್ರೊಪ್ರನೊಲಾಲ್, ಉಬ್ಬಸದ ಥಿಯೋಫಿಲಿನ್ ಇವುಗಳ ಮಟ್ಟವೂ ಪೈಪರಿನ್‌ನಿಂದ ಏರಿದ್ದು ದಾಖಲಾಗಿದೆ. ಇಂಥ ಅರಿಶಿನದ ಮಾತ್ರೆ ತೆಗೆದುಕೊಂಡವರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದ ವರದಿಗಳೂ ಇವೆ.

ಇದರ ಉಲ್ಟಾ ಕೇಸ್ ಸೇಂಟ್ ಜಾನ್ಸ್ ವರ್ಟ್. ಮನಸ್ಸಿನ ಖಿನ್ನತೆಗೆ ಅಂತ ತೆಗೆದುಕೊಳ್ಳುವ ಗಿಡ. ಅದರಲ್ಲಿರುವ ಹೈಪರ್‌ಫೋರಿನ್ ಔಷಧಗಳನ್ನು ಒಡೆಯುವ, ಯಕೃತ್ತಿನ ಸಿವೈಪಿ 3ಎ4 ಅನ್ನುವ ಕಿಣ್ವವನ್ನು ಜಾಸ್ತಿ ಹುಟ್ಟಿಸುತ್ತದೆ. ಆಗ ಬೇರೆ ಔಷಧಗಳು ಬೇಗ ಖಾಲಿಯಾಗುತ್ತವೆ. ಕಸಿ ಮಾಡಿದ ಅಂಗವನ್ನು ದೇಹ ತಳ್ಳದಿರಲಿ ಅಂತ ಕೊಡುವ ಸೈಕ್ಲೋಸ್ಪೋರಿನ್ ಮಟ್ಟ ಇಳಿದು ಅಂಗವೇ ಅಪಾಯಕ್ಕೆ ಸಿಕ್ಕಿದೆ. ಗರ್ಭನಿರೋಧಕ ಮಾತ್ರೆಯೂ ಕೈಕೊಡಬಹುದು.

ಜ್ಯೇಷ್ಠಮಧು ಇನ್ನೊಂದು. ಅದರಲ್ಲಿರುವ ಗ್ಲಿಸಿರೈಜಿನ್ ಜಾಸ್ತಿ ದಿನ ಹೊಟ್ಟೆಗೆ ಹೋದರೆ ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಅನ್ನುವ ಹಾರ್ಮೋನನ್ನು ನಿಷ್ಕ್ರಿಯ ಮಾಡುವ ಕಿಣ್ವ ನಿಲ್ಲುತ್ತದೆ. ಉಪ್ಪು ದೇಹದಲ್ಲೇ ಉಳಿಯುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ಬಿಪಿ ಏರುತ್ತದೆ. ಬಿಪಿ ಮಾತ್ರೆ ಕೆಲಸ ಮಾಡುತ್ತಿಲ್ಲ ಅಂತ ಡೋಸ್ ಏರಿಸುವ ಮುಂಚೆ ಇದನ್ನು ಕೇಳಬೇಕು. ‘ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ’ ಅಂದರೆ ಜನ ಇಲ್ಲ ಅನ್ನುತ್ತಾರೆ. ಗಿಡದ್ದು ಔಷಧದ ಲೆಕ್ಕಕ್ಕೇ ಬರುವುದಿಲ್ಲ ಅಂತ ಅವರ ಎಣಿಕೆ. ದಯವಿಟ್ಟು ಹೇಳಿ. ಆಪರೇಷನ್ ಮುಂಚೆಯಂತೂ ಖಂಡಿತ ಹೇಳಿ.

ಹೊಸಬ_ಓದುಗ:
ಗಿಡಮೂಲಿಕೆಗೆ ಅಡ್ಡಪರಿಣಾಮ ಇಲ್ಲ ಅಂತಲೇ ಇಷ್ಟು ದಿನ ಅಂದುಕೊಂಡಿದ್ದವರು ಬಹಳ ಜನ ಇದ್ದಾರೆ. ಗಿಡ ತಪ್ಪಾಗಿ ಬಂದರೆ ಏನು ಕಥೆ? ಪುಡಿ ಮಾಡಿದ ಮೇಲೆ ಯಾರಿಗೆ ಗೊತ್ತಾಗುತ್ತದೆ?

ಪರೀಕ್ಷಾನಳಿಕೆ:
ನಮ್ಮ ಕೆಲಸದಲ್ಲಿ ಅರ್ಧ ಅದೇ. 1990ರ ದಶಕದ ಶುರುವಿನಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಕ್ಲಿನಿಕ್‌ನಲ್ಲಿ ಕೊಟ್ಟ ಮಾತ್ರೆಗಳಲ್ಲಿ ಹೀಗೇ ಆಯಿತು. ಸ್ಟೆಫಾನಿಯಾ ಟೆಟ್ರಾಂಡ್ರಾ ಅನ್ನುವ ಗಿಡ ಇರಬೇಕಿದ್ದ ಕಡೆ ಅರಿಸ್ಟೊಲೋಕಿಯಾ ಫಾಂಗ್ಚಿ ಅನ್ನುವ ಬೇರೆ ಗಿಡ ಬಂದಿತ್ತು. ನೂರಕ್ಕೂ ಹೆಚ್ಚು ಜನರ ಮೂತ್ರಪಿಂಡ ಹಾಳಾಯಿತು. ಹಲವರಿಗೆ ಡಯಾಲಿಸಿಸ್, ಕಸಿ ಬೇಕಾಯಿತು. ಆಮೇಲೆ ಕೆಲವರಿಗೆ ಮೂತ್ರನಾಳದ ಕ್ಯಾನ್ಸರ್ ಬಂತು. ಆ ತಪ್ಪು ಗಿಡದಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ದೇಹದಲ್ಲಿ ಬದಲಾಗಿ ಡಿಎನ್‌ಎಗೇ ಅಂಟಿಕೊಳ್ಳುತ್ತದೆ. ಕ್ಯಾನ್ಸರ್‌ಕಾರಕ ಅಂತ ಅದನ್ನು ಅಂತರರಾಷ್ಟ್ರೀಯವಾಗಿ ಮೊದಲ ಗುಂಪಿಗೆ ಸೇರಿಸಿದ್ದಾರೆ. ಈಶ್ವರಬಳ್ಳಿಯೂ ಇದೇ ಅರಿಸ್ಟೊಲೋಕಿಯಾ ಕುಲದ್ದು. ಹಾವಿನ ವಿಷಕ್ಕೆ, ಜ್ವರಕ್ಕೆ ಅಂತ ಅದನ್ನು ಒಳಗೆ ತೆಗೆದುಕೊಳ್ಳುವವರು ದಯವಿಟ್ಟು ನಿಲ್ಲಿಸಿ.

ಪುಡಿಯನ್ನೂ ಗುರುತಿಸಬಹುದು. ಸೂಕ್ಷ್ಮದರ್ಶಕದಲ್ಲಿ ಎಲೆಯ ರೋಮ, ಪತ್ರರಂಧ್ರ, ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಕಾಣುತ್ತವೆ. ಟಿಎಲ್‌ಸಿ (ತೆಳುಪದರ ವರ್ಣರೇಖನ) ಇನ್ನೂ ಚೆಂದ. ಸಿಲಿಕಾ ಬಳಿದ ತಗಡಿನ ಬುಡದಲ್ಲಿ ಸಾರದ ಒಂದು ಚುಕ್ಕೆ ಇಟ್ಟು ದ್ರಾವಕದಲ್ಲಿ ನಿಲ್ಲಿಸಿದರೆ, ಅದು ಮೇಲೇರುತ್ತಾ ಸಂಯುಕ್ತಗಳನ್ನು ಬೇರೆ ಬೇರೆ ಎತ್ತರದಲ್ಲಿ ಬಿಡುತ್ತದೆ. ಮರದರಿಶಿನ ಆದರೆ ಯುವಿ ದೀಪದಡಿ ಬರ್ಬೆರಿನ್‌ನ ಪಟ್ಟಿ ಕತ್ತಲಲ್ಲಿ ಹಳದಿಯಾಗಿ ಉರಿಯುತ್ತದೆ. ಪಕ್ಕದಲ್ಲೇ ಶುದ್ಧ ಬರ್ಬೆರಿನ್ ಓಡಿಸಿರುತ್ತೇವೆ. ಎರಡೂ ಒಂದೇ ಎತ್ತರಕ್ಕೆ ಬರಬೇಕು. ಬರದಿದ್ದರೆ ಆ ಮೂಟೆ ವಾಪಸ್.

ಚಿಗುರೆಲೆ:
ಇಷ್ಟೆಲ್ಲ ಓದಿ ಮತ್ತೆ ನನ್ನ ಎರಡು ಡಬ್ಬಿಗೇ ಬಂದೆ! ಅವುಗಳಲ್ಲಿ ಏನು ನೋಡಲಿ?

ಬೇರುಮೂಲ:
ಮೊದಲು ಗಿಡದ ಯಾವ ಭಾಗ ಅಂತ ನೋಡಿ. ಆಮೇಲೆ ಯಾವ ದ್ರಾವಕ. ಆಮೇಲೆ ಅನುಪಾತ. 10:1 ಅಂತಿದ್ದರೆ 10 ಕಿಲೋ ಎಲೆಯಿಂದ 1 ಕಿಲೋ ಸಾರ ಬಂದಿದೆ ಅಂತ ಅರ್ಥ. ಬೇಕಾದ ಸಂಯುಕ್ತ ಹತ್ತು ಪಟ್ಟಾಗಿದೆ ಅಂತ ಅಲ್ಲ. ತಪ್ಪು ದ್ರಾವಕ ಹಾಕಿದರೆ 10:1 ಸಾರದಲ್ಲೂ ಅದು ಇಲ್ಲದೇ ಇರಬಹುದು. ಒಣಗಿಸುವಾಗ ಪಿಷ್ಟದಿಂದ ಮಾಡಿದ ಮಾಲ್ಟೋಡೆಕ್ಸ್‌ಟ್ರಿನ್ ಬೆರೆಸಿದ್ದರೆ ತೂಕದಲ್ಲಿ ಅದೂ ಸೇರಿರುತ್ತದೆ.

ಮುಖ್ಯವಾದದ್ದು ಆಂಡ್ರೋಗ್ರಾಫೋಲೈಡ್ ಶೇಕಡಾ ಎಷ್ಟು ಅನ್ನುವುದು. ಲೆಕ್ಕಕ್ಕೆ ಹೇಳುತ್ತೇನೆ. ಪುಡಿಯಲ್ಲಿ ಶೇ. 2 ಇದೆ ಅಂದುಕೊಳ್ಳಿ, 500 ಮಿ.ಗ್ರಾಂನಲ್ಲಿ 10 ಮಿ.ಗ್ರಾಂ ಆಯಿತು. ಸಾರದಲ್ಲಿ ಶೇ. 10 ಇದ್ದರೆ 50 ಮಿ.ಗ್ರಾಂ. ಶೇ. 30 ಇದ್ದರೆ 150. ಮೂರೂ ಡಬ್ಬಿ ಮೇಲೆ 500 ಅಂತಲೇ ಬರೆದಿರುತ್ತದೆ!

ಚಿಗುರೆಲೆ:
ಈಗ ನೋಡಿದೆ. ಪುಡಿಯ ಡಬ್ಬಿಯಲ್ಲಿ ‘ಎಲೆ’ ಅಂತ ಇದೆ, ಬ್ಯಾಚ್ ನಂಬರ್ ಇದೆ. ಸಾರದ ಡಬ್ಬಿಯಲ್ಲಿ 10:1 ಅಂತ ಮಾತ್ರ ಇದೆ. ಭಾಗ ಇಲ್ಲ, ದ್ರಾವಕ ಇಲ್ಲ, ಶೇಕಡಾವಾರು ಇಲ್ಲ.

ಪರೀಕ್ಷಾನಳಿಕೆ:
ತಯಾರಿಸಿದವರಿಗೆ ಬರೆದು ಆ ಬ್ಯಾಚಿನ ಪರೀಕ್ಷಾ ವರದಿ ಕೇಳಿ. ಆಂಡ್ರೋಗ್ರಾಫೋಲೈಡ್ ಪ್ರಮಾಣ, ಸೀಸ, ಪಾದರಸ, ಆರ್ಸೆನಿಕ್, ಕ್ಯಾಡ್ಮಿಯಂ, ಕೀಟನಾಶಕದ ಉಳಿಕೆ, ಸೂಕ್ಷ್ಮಾಣು ಎಣಿಕೆ ಇಷ್ಟೂ ಅದರಲ್ಲಿ ಇರಬೇಕು. ಸರಿಯಾಗಿ ಮಾಡುವವರ ಹತ್ತಿರ ಇದು ಇದ್ದೇ ಇರುತ್ತದೆ, ಕಳಿಸುತ್ತಾರೆ.

ರಾತ್ರಿಪಾಳಿ:
ವರದಿ ಬರುವ ತನಕ ಸಾರದ ಡಬ್ಬಿ ಮುಟ್ಟಬೇಡಿ. ನೆಲಬೇವಿಗೆ ಅಲರ್ಜಿ ಆದ ಕೇಸುಗಳಿವೆ, ಅಪರೂಪಕ್ಕೆ ಜೋರಾಗಿಯೂ ಆಗಿದೆ. ಗರ್ಭಿಣಿಯರು ತೆಗೆದುಕೊಳ್ಳಬಾರದು. ನೀವು ಬಿಪಿಗೆ ಅಥವಾ ರಕ್ತ ತೆಳುವಾಗಲು ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ?

ಚಿಗುರೆಲೆ:
ಬಿಪಿ ಮಾತ್ರೆ ಇದೆ ಮೇಡಂ, ದಿನಕ್ಕೊಂದು.

ರಾತ್ರಿಪಾಳಿ:
ಹಾಗಾದರೆ ಪುಡಿಯನ್ನೂ ಶುರು ಮಾಡಬೇಡಿ. ಎರಡೂ ಡಬ್ಬಿ ಜೊತೆಗೇ ತೆಗೆದುಕೊಂಡು ಹೋಗಿ, ಬಿಪಿ ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ತೋರಿಸಿ. ಗಿಡದ ಹೆಸರು ಹೇಳಿದರೆ ಸಾಲದು, ಲೇಬಲ್ ತೋರಿಸಿ.

ಚಿಗುರೆಲೆ:
ಸರಿ ಮೇಡಂ. ಈ ವಾರವೇ ಹೋಗುತ್ತೇನೆ. ಕಂಪನಿಗೂ ಈಗಲೇ ಬರೆಯುತ್ತಿದ್ದೇನೆ. ವರದಿ ಬಂದರೆ ಇಲ್ಲೇ ಹಾಕುತ್ತೇನೆ, ಓದಿ ಹೇಳಿ.